ಬಾತುವಾನಿನ ಅಜ್ಞಾತ ಕಲಾವಿದ

ನಿಹಾರಿಕಾಳ ಗ್ರೀನ್ ಕಾರ್ಡು ಹನ್ನೊಂದು ಬೆತ್ತಲೆ ಚಿತ್ರಗಳ ಮೇಲೆ ನಿಂತಿತ್ತು. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಹತ್ತು ವರ್ಷ ವೀಸಾ ರಿನ್ಯೂ ಮಾಡಿಸಿಕೊಳ್ಳುತ್ತಾ, ಪ್ರತಿ ಸಲವೂ ಜೀವ ಅಂಗೈಯಲ್ಲಿ ಹಿಡಿದುಕೊಂಡು ಬದುಕಿದವಳಿಗೆ ವಕೀಲರು ಕೊನೆಗೊಂದು ದಾರಿ ತೋರಿಸಿದ್ದರು. ತನ್ನ ಕ್ಷೇತ್ರದಲ್ಲಿ ತಾನು ಅಸಾಧಾರಣಳು ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕು, ಅಷ್ಟೇ. ಸ್ಯಾನ್ ಡಿಯೇಗೊದ ಒಂದು ಸಣ್ಣ ಏಷ್ಯನ್ ಮ್ಯೂಸಿಯಮ್ಮಿನಲ್ಲಿ ಕ್ಯುರೇಟರ್ ಆಗಿದ್ದ ನಿಹಾರಿಕಾಳ ಹತ್ತಿರ ಅಸಾಧಾರಣ ಎನ್ನುವಂಥದ್ದು ಇದ್ದದ್ದು ಒಂದೇ. ಅದು ಬಾಲಿ ದ್ವೀಪದ ಆ ಹನ್ನೊಂದು ಶೃಂಗಾರ ಚಿತ್ರಗಳ ಬಗ್ಗೆ ಅವಳು ಬರೆದ ಪ್ರಬಂಧ.

ಚಿತ್ರಗಳು ಬಂದದ್ದು 2022ರಲ್ಲಿ, ಒಂದು ತಗಡಿನ ಟ್ರಂಕಿನಲ್ಲಿ. ಬರ್ಬ್ಯಾಂಕಿನಲ್ಲಿದ್ದ ವಯಾನ್ ಎಂಬ ಬಾಲಿಯ ಮುದುಕ ಕೋವಿಡ್ ಬಂದು ತೀರಿಕೊಂಡಿದ್ದ. ಟೆಕ್ಸಸ್‌ನಲ್ಲಿದ್ದ ಮಗ ಒಂದೂವರೆ ವರ್ಷದ ಮೇಲೆ ಬಂದು ಮನೆ ಮಾರುವಾಗ, ಗರಾಜಿನಲ್ಲಿದ್ದ ಟ್ರಂಕನ್ನು ಸರಿಯಾಗಿ ತೆರೆದು ಕೂಡ ನೋಡದೆ ಮ್ಯೂಸಿಯಮ್ಮಿಗೆ ದಾನ ಮಾಡಿದ. ಅದರಲ್ಲಿ ಮೇಲುಗಡೆ ವಯಾನ್‌ನ ಅಜ್ಜ 1930ರ ದಶಕದಲ್ಲಿ ಬಾತುವಾನ್ ಎಂಬ ತಮ್ಮ ಹಳ್ಳಿಯಲ್ಲಿ ಬರೆದು ಸಹಿ ಹಾಕಿದ ಏಳು ಮಸಿಚಿತ್ರಗಳಿದ್ದವು. ಅವು ಸುಮಾರು. ಅವುಗಳ ಕೆಳಗೆ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ, ಸಹಿಯಿಲ್ಲದ ಹನ್ನೊಂದು ಹಾಳೆಗಳಿದ್ದವು. ಅವನ್ನು ಬಿಚ್ಚಿದ ನಿಹಾರಿಕಾ ಕುರ್ಚಿ ಎಳೆದುಕೊಂಡು ಸಂಜೆಯವರೆಗೂ ನೋಡುತ್ತಾ ಕೂತಳು.

ಹಾಳೆಯಲ್ಲಿ ಸಾಸಿವೆ ಕಾಳಿನಷ್ಟು ಜಾಗವೂ ಖಾಲಿ ಇರಲಿಲ್ಲ. ಭತ್ತದ ಗದ್ದೆ, ಬಾಳೆ, ಎಲೆಯ ಮೇಲೆ ಎಲೆ, ಎಲೆಯ ಹಿಂದೆ ಹುಳು. ಎಲ್ಲ ಕಪ್ಪು ಮಸಿಯಲ್ಲೇ, ಆದರೆ ಆ ಕಪ್ಪಿನಲ್ಲಿ ಎಷ್ಟು ಬಗೆ! ನೀರು ಬೆರೆಸಿದ ತೆಳು ಮಸಿಯನ್ನು ಒಂದು ಪದರ ಬಳಿದು, ಒಣಗಿಸಿ, ಅದರ ಮೇಲೆ ಇನ್ನೊಂದು ಪದರ ಬಳಿದು, ಹೀಗೆ ಒಂದು ಹಾಳೆಗೆ ತಿಂಗಳು ಹಿಡಿಯುವ ಕೆಲಸ ಅದು. ಆ ಎಲೆಗಳ ನಡುವೆ ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವರೇನು ಮಾಡುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದವರಿಗೂ ಗೊತ್ತು, ಆಗದವರಿಗೂ ಗೊತ್ತು. ಗದ್ದೆಯ ಕಪ್ಪೆಗಳು ಕಣ್ಣರಳಿಸಿ ನೋಡುತ್ತಿವೆ, ಒಂದು ಎಮ್ಮೆ ಮಾತ್ರ ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿಕೊಂಡಿದೆ. ಹೆಂಗಸು ನಗುತ್ತಿದ್ದಾಳೆ. ಹನ್ನೊಂದರಲ್ಲಿಯೂ ಅವಳು ನಾಚಿಕೆಯಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಮೈಮೇಲೆ ಎಳೆ ಬಟ್ಟೆಯಿಲ್ಲ. ಕಾಲಿನ ಎರಡನೇ ಬೆರಳಿಗೆ ಮಾತ್ರ ಉಂಗುರಗಳಿವೆ.

ಎಡವಟ್ಟಾಗಿದ್ದು ಅಲ್ಲೇ. ಬಾಲಿಯ ಹೆಂಗಸರು ಕಾಲುಂಗುರ ಹಾಕುವುದಿಲ್ಲ. ಬೇರೆ ಯಾರೇ ಆಗಿದ್ದರೂ ಅದನ್ನು ಕಂಡ ಕೂಡಲೇ "ಇದೇನಪ್ಪಾ ಇದು" ಎಂದು ನಿಲ್ಲುತ್ತಿದ್ದರು. ಧಾರವಾಡದಲ್ಲಿ ಹುಟ್ಟಿ ಬೆಳೆದ ನಿಹಾರಿಕಾಳಿಗೆ ಅದು ಕಣ್ಣಿಗೇ ಬೀಳಲಿಲ್ಲ. ಮದುವೆಯಾದ ಹೆಂಗಸಿನ ಕಾಲಿನಲ್ಲಿ ಕಾಲುಂಗುರ ಇರದೆ ಇನ್ನೇನಿರುತ್ತದೆ? ಕ್ಯಾಟಲಾಗ್ ಬರೆಯುತ್ತಿದ್ದ ಸಹಾಯಕಿ ಹತ್ತು ದಿನದ ಮೇಲೆ ಬೆರಳು ತೋರಿಸಿ ಕೇಳಿದಾಗ ಅವಳು ಎಚ್ಚರಗೊಳ್ಳಬೇಕಿತ್ತು. ಎಚ್ಚರಗೊಳ್ಳುವ ಬದಲು ಸಂಭ್ರಮಪಟ್ಟಳು. ಕಾಗದದ ಪರೀಕ್ಷೆ ಮಾಡಿಸಿದಳು: 1930ರ ದಶಕದ, ಆಗ ಬಾಲಿಯನ್ನಾಳುತ್ತಿದ್ದ ಡಚ್ಚರ ಕಾಗದ. ಮಸಿಯ ಪರೀಕ್ಷೆ ಮಾಡಿಸಿದಳು: ದೀಪದ ಮಸಿ. ದೀಪದ ಮಸಿಗೆಲ್ಲಿಯ ವಯಸ್ಸು? ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಹೋದ ಭಾರತದ ನೆನಪು ಬಾಲಿಯ ಒಂದು ಹಳ್ಳಿಯಲ್ಲಿ, ಒಬ್ಬ ಅಜ್ಞಾತ ಕಲಾವಿದನ ಕೈಯಲ್ಲಿ, ಒಂದು ಜೊತೆ ಕಾಲುಂಗುರವಾಗಿ ಉಳಿದುಕೊಂಡಿತ್ತು ಎಂದು ಮೂವತ್ತು ಪುಟ ಬರೆದಳು. ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಮೂರು ದೇಶಗಳ ಪ್ರೊಫೆಸರುಗಳು ಹೊಗಳಿ ಪತ್ರ ಬರೆದುಕೊಟ್ಟರು, ವಕೀಲರು ಅಪ್ಲೈ ಮಾಡಿದರು. 2024ರ ಏಪ್ರಿಲ್‌ನಲ್ಲಿ ಪ್ರದರ್ಶನವೆಂದು ನಿಗದಿಯಾಯಿತು.

ಪ್ರದರ್ಶನಕ್ಕೆ ಒಂಬತ್ತು ದಿನ ಇರುವಾಗ ಫೋನ್ ಬಂತು.

"ಯವ್ವಾ ನಿಹಾರಿಕಾ, ನಾನು ವೀರಭದ್ರಪ್ಪ ಮಾಸ್ತರ. ಗುರುತು ಸಿಕ್ತಿಲ್ಲೋ?"

ಸಿಗದೆ ಏನು? ಹೈಸ್ಕೂಲಿನಲ್ಲಿ ಅವಳ ಕೈ ಹಿಡಿದು ಬ್ರಷ್ ಹಿಡಿಯುವುದನ್ನು ಕಲಿಸಿದ ಡ್ರಾಯಿಂಗ್ ಮಾಸ್ತರರು. ಹುಡುಗಿಗೆ ಚಿತ್ರಕಲೆಯೆಲ್ಲ ಯಾಕೆ ಎಂದ ಅವಳ ಅಪ್ಪನೆದುರು ಮೂರು ಸಂಜೆ ಕೂತು, ಚಹಾ ಕುಡಿದು, ವಾದ ಮಾಡಿ, ಕೊನೆಗೂ ಆರ್ಟ್ ಸ್ಕೂಲಿಗೆ ಸೇರಿಸಿದ ಪುಣ್ಯಾತ್ಮರು. ಹೆಂಡತಿ ಗುರುಬಸವ್ವ ತೀರಿಕೊಂಡ ಮೇಲೆ ಮಗಳು ವೈಷ್ಣವಿಯ ಜೊತೆ ಬರ್ಬ್ಯಾಂಕಿನಲ್ಲಿದ್ದಾರೆಂದು ನಿಹಾರಿಕಾಳಿಗೆ ಗೊತ್ತಿತ್ತು. ಒಮ್ಮೆ ಹೋಗಿ ಮಾತಾಡಿಸಬೇಕು ಅಂದುಕೊಂಡು ನಾಲ್ಕು ವರ್ಷವಾಗಿತ್ತು.

"ಸರ್! ಹೇಗಿದ್ದೀರಿ? ಆರೋಗ್ಯನಾ?"

"ನಾ ಆರಾಮ ಅದೇನಿ. ಕನ್ನಡ ಕೂಟದ ವಾಟ್ಸಾಪಿನ್ಯಾಗ ನಿನ್ನ ಪ್ರದರ್ಶನದ ಫೋಟೋ ಬಂತವಾ. ಆ ಗದ್ದಿ, ಆ ಕಪ್ಪಿ. ನೋಡಿ ನನ್ನ ಎದಿ ಝಲ್ ಅಂತು. ಎರಡು ವರ್ಷ ಆತು, ಹ್ವಾದ್ವು ಅಂತ ಕೈ ಬಿಟ್ಟಿದ್ದೆ. ಎಲ್ಲೆಲ್ಲೂ ಹೋಗದ ನಿನ್ನ ಕೈಯಾಗ ಬಂದು ಬಿದ್ದಾವಲ್ಲಾ, ಏನಂತೀ!"

"ಯಾವುದು ಸರ್?"

"ಅವ, ಆ ಹನ್ನೊಂದು. ನಾನ ಬರದದ್ದು."

ನಿಹಾರಿಕಾ ನಾಳೆಯೇ ಬರುತ್ತೇನೆಂದು ಹೇಳಿ ಫೋನಿಟ್ಟಳು. ಮರುದಿನ ಬೆಳಿಗ್ಗೆಯೇ ರಜೆ ಹಾಕಿ, ಕಾರ್ಲ್ಸ್‌ಬಾಡ್ ದಾಟಿ ಬರ್ಬ್ಯಾಂಕಿಗೆ ಡ್ರೈವ್ ಮಾಡಿದಳು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಮುದುಕನಿಗೆ ಅರಳುಮರಳಾಗಿರಲಿ, ದೇವರೇ, ಅರಳುಮರಳಾಗಿರಲಿ.

ಮಾಸ್ತರರಿಗೆ ಎಪ್ಪತ್ತೆಂಟಾಗಿತ್ತು, ತಲೆ ಮಾತ್ರ ಚೂರಿಯ ಹಾಗಿತ್ತು. ವೈಷ್ಣವಿ ಸ್ಟುಡಿಯೋದ ಕೆಲಸಕ್ಕೆ ಹೋಗಿದ್ದಳು. ಅವರೇ ಅವಲಕ್ಕಿ ಕಲಸಿ ಕೊಟ್ಟು, ಎದುರಿಗೆ ಕೂತು, ಒಂದೊಂದಾಗಿ ಎಲ್ಲ ಹೇಳಿದರು. ಲಾಕ್‌ಡೌನಿನಲ್ಲಿ ಮಗ್ಗುಲ ಮನೆಯ ವಯಾನ್ ಬೇಲಿಯಾಚೆಯಿಂದ ಗೆಳೆಯನಾದದ್ದು. ಇವರಿಗೂ ಅವನಿಗೂ ಬರುತ್ತಿದ್ದ ಇಂಗ್ಲಿಷು ಅಷ್ಟಕ್ಕಷ್ಟೇ. ಚಿತ್ರ ಬರೆದು ತೋರಿಸುತ್ತಲೇ ಮಾತಾಡಿದ್ದು. ಅವನು ತನ್ನ ಅಜ್ಜನ ಕೆಲಸದ ಪದ್ಧತಿ ಕಲಿಸಿದ್ದು, ಅಜ್ಜನ ಕಾಲದ ಬರೆಯದೆ ಉಳಿದ ಕಾಗದದ ಕಟ್ಟನ್ನು ಇವರ ಕೈಗಿಟ್ಟು, "ನನಗಂತೂ ಕೈ ನಡುಗುತ್ತದೆ, ನೀನು ಬರೆ" ಅಂದದ್ದು. ತಮ್ಮೂರಿನಲ್ಲಿ ಹಿಂದೆ ಇಂಥ ಪೋಲಿ ಚಿತ್ರಗಳನ್ನೂ ದೇವರ ಚಿತ್ರಗಳನ್ನೂ ಒಂದೇ ಕೈಯಿಂದ ಬರೆಯುತ್ತಿದ್ದರು, ಯಾರಿಗೂ ಮೈಲಿಗೆಯಾಗುತ್ತಿರಲಿಲ್ಲ ಎಂದು ನಕ್ಕದ್ದು. ಆಮೇಲೆ ಅವನು ಸತ್ತದ್ದು. ಮನೆ ನೋಡಿಕೊಳ್ಳಿ ಎಂದು ಅವನ ಮಗ ಕೀಲಿಕೈ ಕೊಟ್ಟಾಗ ಇವರು ದಿನಾ ಆ ಗರಾಜಿನಲ್ಲಿ ಕೂತು ಹದಿನಾಲ್ಕು ತಿಂಗಳು ಬರೆದದ್ದು.

"ಮನೇಲಿ ಯಾಕೆ ಬರೀಲಿಲ್ಲ ಸರ್?"

"ಏ ಹುಚ್ಚಿ! ಮಗಳ ಮನಿ ಅದು. ಮೊಮ್ಮಕ್ಕಳು ಓಡ್ಯಾಡ್ತಾವು. ದೇವರ ಜಗಲಿ ಮ್ಯಾಲೆ ಲಿಂಗ ಐತಿ. ಅಂಥಾದ್ರಾಗ ಇಂಥವು ಬರದು ಇಡಾಕ ಬರತೈತೇನು? ಮುಗದಂಗ ಮುಗದಂಗ ವಯಾನ್‌ನ ಟ್ರಂಕಿನ್ಯಾಗ ಇಡತಿದ್ದೆ." ಮಾಸ್ತರರು ತಲೆ ತಗ್ಗಿಸಿದರು. ಕಿವಿ ಕೆಂಪಾಗಿದ್ದವು. "ಗುರುಬಸವ್ವನ ಪುಣ್ಯಸ್ಮರಣಿಗೆ ಊರಿಗೆ ಹ್ವಾದೆ. ಹೊಳ್ಳಿ ಬರೂದ್ರಾಗ ಮನಿ ಮಾರಿದ್ರು, ಟ್ರಂಕೂ ಇಲ್ಲ. ಆ ಹುಡುಗಗ ಫೋನ್ ಮಾಡಿ ಏನಂತ ಕೇಳೂದು? ನಿಮ್ಮಪ್ಪನ ಟ್ರಂಕಿನ್ಯಾಗ ನನ್ನ ಹೇಣ್ತಿ ಅದಾಳ, ಕೊಡಪಾ ಅನ್ನೂದೇನು? ಸುಮ್ನಾದೆ."

ಹೆಂಡತಿ! ನಿಹಾರಿಕಾಳಿಗೆ ಗುರುಬಸವ್ವ ಚೆನ್ನಾಗಿ ನೆನಪಿದ್ದರು. ತಲೆಯ ಮೇಲೆ ಸೆರಗು ಹೊದ್ದು, ಒಳಗಿನಿಂದಲೇ ಚಹಾ ಕಳಿಸುತ್ತಿದ್ದ, ನಾಲ್ಕು ಜನರ ಎದುರು ತುಟಿ ಬಿಚ್ಚದ ಹೆಂಗಸು. ಆ ಹೆಂಗಸು ಹಾಗೆ ನಗುತ್ತಿದ್ದಳೆಂದು ಈ ಜಗತ್ತಿನಲ್ಲಿ ಗೊತ್ತಿದ್ದದ್ದು ಒಬ್ಬರಿಗೇ.

"ನಲವತ್ತು ವರ್ಷ ಹೈಸ್ಕೂಲ್ ಹುಡುಗರಿಗೆ ಹೂಜಿ, ಮಾವಿನಕಾಯಿ ಬರಿಯೂದು ಕಲಿಸಿದೆ," ಎಂದರು ಮಾಸ್ತರರು. "ನಂದು ಅಂತ ಬರದದ್ದು ಅವ ಹನ್ನೊಂದು. ನನಗೇನೂ ಬ್ಯಾಡ ನಿಹಾರಿಕಾ. ಬಾಜೂಕ ನನ್ನ ಹೆಸರು ಒಂದು ಹಾಕು. ಸಾಯೂದ್ರಾಗ ಒಮ್ಮೆ ನೋಡ್ತೇನಿ."

ಇಷ್ಟೇ ಅವರ ಬೇಡಿಕೆ, ನೋಡಿ. ಆ ಹೆಸರೊಂದನ್ನು ಗೋಡೆಗೆ ಹಾಕಿದರೆ ಪ್ರಬಂಧ ಹೋಯಿತು, ಪತ್ರಗಳು ಹೋದವು, ಕೆಲಸ ಹೋಯಿತು, ಕೆಲಸ ಹೋದರೆ ಅರವತ್ತು ದಿನದಲ್ಲಿ ಅವಳೂ ಗಂಟು ಮೂಟೆ ಕಟ್ಟಬೇಕು. ಇಡೀ ಊರು ನಗುತ್ತದೆ: ತನ್ನೂರಿನ ಮಾಸ್ತರನ ಹೆಂಡತಿಯನ್ನೇ ಬಾಲಿಯ ಅಪ್ಸರೆ ಎಂದವಳು. ನಿಹಾರಿಕಾಳಿಗೆ ಮುದುಕನ ಮೇಲೆ ಮೈಯೆಲ್ಲ ಉರಿಯಿತು.

"ಸರ್, ನೀವೇ ಬರೆದದ್ದು ಅಂತ ತೋರಿಸೋಕೆ ಏನಾದರೂ ಇದೆಯಾ? ನಾನು ನಂಬ್ತೀನಿ. ಡೈರೆಕ್ಟರಿಗೆ ತೋರಿಸಬೇಕಲ್ಲ?"

ಮಾಸ್ತರರು ಸಂತೋಷದಿಂದ ಎದ್ದು ಹೋಗಿ, ಸೂಟ್‌ಕೇಸಿನ ತಳದ ಅಸ್ತರಿ ಬಿಚ್ಚಿ ಒಂದು ಕಟ್ಟು ತಂದರು. ಕನ್ನಡ ಕೂಟದ ಹಳೇ ಕ್ಯಾಲೆಂಡರಿನ ಹಾಳೆಗಳು, ಅವುಗಳ ಹಿಂಬದಿಯಲ್ಲಿ ಹನ್ನೊಂದೂ ಚಿತ್ರಗಳ ಕಚ್ಚಾ ಕರಡುಗಳು. ಎಲ್ಲಿ ಎಷ್ಟು ಪದರ ಮಸಿ ಎಂದು ಪಕ್ಕದಲ್ಲೇ ಅವರ ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು. ಇನ್ನು ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ.

"ಇದನ್ನ ನಾನು ತಗೊಂಡು ಹೋಗ್ತೀನಿ ಸರ್. ಅಲ್ಲಿ ತನಕ ಯಾರಿಗೂ ಹೇಳಬೇಡಿ. ವೈಷ್ಣವಿಗೂ ಬೇಡ. ಓಪನಿಂಗ್ ದಿನ ವೇದಿಕೆ ಮೇಲೆ ನಾನೇ ಹೇಳ್ತೀನಿ."

"ಆಣಿ?"

"ಆಣೆ ಸರ್."

ಮಾಸ್ತರರ ಕಣ್ಣಲ್ಲಿ ನೀರು ಬಂತು. ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಅದನ್ನೂ ಸಹಿಸಿಕೊಂಡಳು.

ಅವತ್ತೇ ಮಧ್ಯಾಹ್ನ ಮ್ಯೂಸಿಯಮ್ಮಿಗೆ ಹೋಗಿ ಕಟ್ಟನ್ನು ಶ್ರೆಡರಿಗೆ ಹಾಕಿದಳು. ಒಮ್ಮೆಗೆ ನಾಲ್ಕು ಹಾಳೆಗಿಂತ ಹೆಚ್ಚು ಹಿಡಿಯದ ಯಂತ್ರ. ನಾಲ್ಕು ನಾಲ್ಕಾಗಿ ಹಾಕಬೇಕಾಯಿತು, ಹಾಕುವಾಗ ನೋಡಬೇಕಾಯಿತು. ಒಂದು ಹಾಳೆಯಲ್ಲಿ ಬರೀ ಪಾದಗಳಿದ್ದವು, ಇಪ್ಪತ್ತೋ ಮೂವತ್ತೋ ಪಾದಗಳು, ಸರಿಬರುವವರೆಗೂ ಮತ್ತೆ ಮತ್ತೆ ಬರೆದದ್ದು. ಅವಳಿಗೆ ಅಳು ಬಂತು. ಅಳುತ್ತಲೇ ಹಾಕಿದಳು. ಕಣ್ಣೊರೆಸಿಕೊಂಡು ಲೇಬಲ್ಲುಗಳ ಪ್ರೂಫ್ ನೋಡಲು ಕೂತಳು.

ಪ್ರದರ್ಶನದ ದಿನ ಶನಿವಾರ. ಸಂಜೆ ನಾಲ್ಕಕ್ಕೆಲ್ಲ ಎಂಬತ್ತು ಜನ ಸೇರಿದ್ದರು. ಕನ್ನಡ ಕೂಟದವರು ಫೋಟೋ ಫಾರ್ವರ್ಡ್ ಮಾಡಿದ್ದೇನೋ ನಿಜ, ಆದರೆ ಮಕ್ಕಳನ್ನು ಕಟ್ಟಿಕೊಂಡು ಹೋಗುವಂಥ ಚಿತ್ರಗಳಲ್ಲ ಎಂಬ ಸುದ್ದಿ ಹಬ್ಬಿ ಒಬ್ಬರೂ ಬರಲಿಲ್ಲ. ಬಂದದ್ದು ವೀರಭದ್ರಪ್ಪ ಮಾಸ್ತರರು ಮತ್ತು ಅವರನ್ನು ಕರೆತಂದ ವೈಷ್ಣವಿ, ಇಬ್ಬರೇ. ಮಾಸ್ತರರು ಮಡಿಕೆ ಮುರಿಯದ ಬಿಳಿ ಜುಬ್ಬಾ, ಧೋತರ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಮೊದಲ ಸಾಲಿನಲ್ಲಿ ಕೂತರು. ವೈಷ್ಣವಿ ಗೋಡೆಯ ಕಡೆ ಒಮ್ಮೆ ನೋಡಿ ಗಾಬರಿಯಾಗಿ ಫೋನು ನೋಡತೊಡಗಿದಳು. ಅಪ್ಪನ ಪಕ್ಕದಲ್ಲಿ ಕೂತು ನೋಡುವ ಚಿತ್ರಗಳೇ ಅವು?

ನಿಹಾರಿಕಾ ಇಪ್ಪತ್ತು ನಿಮಿಷ ಚೆನ್ನಾಗಿಯೇ ಮಾತಾಡಿದಳು. ಬಾತುವಾನಿನ ಆ ಅಜ್ಞಾತ ಕಲಾವಿದನಿಗೆ ನಾವೆಲ್ಲ ಋಣಿಗಳು ಎಂದಳು. ಡೈರೆಕ್ಟರಿಗೆ ಥ್ಯಾಂಕ್ಸ್ ಹೇಳಿದಳು, ವಯಾನ್‌ನ ಮಗನಿಗೆ ಹೇಳಿದಳು, ಕಾಗದದ ಲ್ಯಾಬಿನವರಿಗೆ ಹೇಳಿದಳು. ಮಾಸ್ತರರಿಗೆ ಆ ವೇಗದ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ತಮ್ಮ ಹೆಸರು ಈಗ ಬಂತು, ಇನ್ನೇನು ಬಂತು ಎಂದು ತುದಿಗಾಲಲ್ಲಿ ಕಾಯುತ್ತಿದ್ದರು. ಅವಳು ಕಾಗದ ಮಡಿಚಿಕೊಂಡು ಮೈಕ್ ಬಿಟ್ಟು ಸರಿದಾಗ ನಗುತ್ತಾ ಎದ್ದು ನಿಂತರು.

"ಮರತಿ ನೋಡವಾ ನಿಹಾರಿಕಾ!" ಎಂದರು ಗಟ್ಟಿಯಾಗಿ. "ಗಡಬಿಡ್ಯಾಗ ನನ್ನ ಹೆಸರ ಬಿಟ್ಟಿ!"

ಎಂಬತ್ತು ತಲೆಗಳು ತಿರುಗಿದವು. ಮಾಸ್ತರರು ಸಭೆಗೆ ಕೈಮುಗಿದು ಕನ್ನಡದಲ್ಲೇ ಹೇಳಿದರು: "ನಾನು ವೀರಭದ್ರಪ್ಪ. ಇವು ಹನ್ನೊಂದು ಚಿತ್ರ ನಾ ಬರದೇನ್ರಿ. ಈಕಿ ನನ್ನ ಹೇಣ್ತಿ ಗುರುಬಸವ್ವ. ಆ ಕಾಲುಂಗುರ ನಾನ ಮಾಡಿಸಿದ್ದು, ಕೊಪ್ಪಳದ ಅಕ್ಕಸಾಲಿ ಕಡೆ." ಆಮೇಲೆ ಅವಳ ಕಡೆ ತಿರುಗಿ, "ಇವರಿಗೆ ಇಂಗ್ಲಿಷಿನ್ಯಾಗ ಹೇಳವಾ," ಎಂದರು.

ಎರಡು ಕ್ಷಣ, ಹೆಚ್ಚೆಂದರೆ ಮೂರು. ನಿಹಾರಿಕಾ ಮೈಕಿನ ಹತ್ತಿರ ಬಂದಳು. ಇವರು ನನ್ನ ಮೊದಲ ಚಿತ್ರಕಲಾ ಗುರುಗಳು, ಎಂದಳು ಇಂಗ್ಲಿಷಿನಲ್ಲಿ. ಈ ಚಿತ್ರಗಳು ತಮ್ಮನ್ನು ಎಷ್ಟು ತಟ್ಟಿವೆಯೆಂದರೆ ತಾವೇ ಬರೆದಂತೆ ಅನ್ನಿಸುತ್ತದೆ, ತೀರಿಹೋದ ತಮ್ಮ ಹೆಂಡತಿಯೇ ಕಣ್ಣೆದುರು ಬಂದಂತಾಗುತ್ತದೆ, ಎಂದು ಹೇಳುತ್ತಿದ್ದಾರೆ.

ಸಭೆ ಕರಗಿಹೋಯಿತು. ಯಾರೋ ಒಬ್ಬಾಕೆ ಕಣ್ಣೊರೆಸಿಕೊಂಡಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಸ್ತರರು ಆ ಚಪ್ಪಾಳೆಯಲ್ಲಿ ನಿಂತುಕೊಂಡು ಅಳುತ್ತಿದ್ದರು. ಎಡಕ್ಕೆ ಕೈಮುಗಿದರು, ಬಲಕ್ಕೆ ಕೈಮುಗಿದರು, ಗೋಡೆಯ ಮೇಲಿನ ಹೆಂಡತಿಗೂ ಕೈಮುಗಿದರು. ಅವರ ಎಪ್ಪತ್ತೆಂಟು ವರ್ಷದ ಬದುಕಿನಲ್ಲಿ ಅಷ್ಟು ಸುಖ ಎಂದೂ ಸಿಕ್ಕಿರಲಿಲ್ಲ, ಆ ಸುಖವನ್ನು ಕೊಟ್ಟದ್ದು ಹಸಿ ಸುಳ್ಳು.

ಅಲ್ಲಿಗೇ ಬಿಟ್ಟಿದ್ದರೆ ಅವರು ಹಾಗೇ ಮನೆಗೆ ಹೋಗಿ ನೆಮ್ಮದಿಯಿಂದ ಸಾಯುತ್ತಿದ್ದರೋ ಏನೋ. ಆದರೆ ಹೆಸರು ನೋಡಬೇಕಲ್ಲ? ಕನ್ನಡಕ ಏರಿಸಿಕೊಂಡು ಮೊದಲ ಚಿತ್ರದ ಲೇಬಲ್ಲಿನ ಹತ್ತಿರ ಹೋದರು. ಅಕ್ಷರ ಕೂಡಿಸಿ ಓದಿದರು. 'ಅನ್‌ನೋನ್.' ಎರಡನೆಯದಕ್ಕೆ ಹೋದರು. 'ಅನ್‌ನೋನ್.' ಹನ್ನೊಂದನ್ನೂ ಓದಿ ಮುಗಿಸಿ ತಿರುಗಿದಾಗ ಅವರ ಮುಖದಲ್ಲಿ ಬಣ್ಣವೇ ಉಳಿದಿರಲಿಲ್ಲ.

"ಇವರಿಗೆ ಏನಂತ ಹೇಳಿದಿ ನೀನು?"

"ಸರ್, ಕೂತ್ಕೊಳ್ಳಿ."

"ಏನಂತ ಹೇಳಿದಿ?" ಜುಬ್ಬಾದ ಜೇಬಿನಿಂದ ಪೆನ್ನು ತೆಗೆದು ಅವರು ಲೇಬಲ್ಲಿನ ಮೇಲೆ ತಮ್ಮ ಹೆಸರು ಬರೆಯಲು ಹೋದರು. ಕಾವಲಿನವನು ಓಡಿಬಂದು ಕೈ ಹಿಡಿದುಕೊಂಡ. "ಮೈನ್! ಮೈನ್!" ಎಂದು ಕೂಗಿದರು ಮಾಸ್ತರರು. "ಗಿವ್ ಪೇಪರ್, ಐ ಡ್ರಾ! ಇಲ್ಲೇ ಬರದು ತೋರಿಸ್ತೇನಿ, ಬಿಡ್ರಿ!"

ಡೈರೆಕ್ಟರ್ ಕರುಣೆಯುಳ್ಳ ಹೆಂಗಸು. ಪಾಪ, ಒಂದು ಕಾಗದ ಕೊಡಿ, ಬರೆಯಲಿ, ಎಂದಳು.

ಹತ್ತು ಹೆಜ್ಜೆ ಆಚೆಗೆ ಮ್ಯೂಸಿಯಮ್ಮಿನ ರಿಪೇರಿ ಕೋಣೆಯಿತ್ತು. ಅಲ್ಲಿ ಬ್ರಷ್ಷಿತ್ತು, ಮಸಿಯಿತ್ತು, ಒಳ್ಳೆಯ ಕಾಗದವಿತ್ತು. ನಿಹಾರಿಕಾ ಅಲ್ಲಿಗೆ ಹೋಗಲಿಲ್ಲ. ಬಾಗಿಲ ಬಳಿ ಅತಿಥಿಗಳು ಹೆಸರು ಬರೆದು ಎದೆಗೆ ಅಂಟಿಸಿಕೊಳ್ಳುವ ಮೇಜಿನಿಂದ ದಪ್ಪ ಮಾರ್ಕರ್ ಪೆನ್ನೊಂದನ್ನೂ, ಒಂದು ಕರಪತ್ರವನ್ನೂ ತಂದು ಕೊಟ್ಟಳು. ತಿಂಗಳು ಹಿಡಿಯುವ ಕೆಲಸವನ್ನು ಐದು ನಿಮಿಷದಲ್ಲಿ, ಆ ಪೆನ್ನಿನಲ್ಲಿ, ಅಳುವ ಮನುಷ್ಯನೊಬ್ಬ ಮಾಡಲಾರ ಎಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಅವಳಿಗೆ ಮತ್ತು ಅವಳಿಗೆ ಅದನ್ನೆಲ್ಲ ಕಲಿಸಿದ ಅವರಿಗೆ.

ಆದರೂ ಬರೆದರು ಪಾಪ. ಕರಪತ್ರದ ಹಿಂದೆ ಒಂದು ಪಾದ ಬರೆಯಲು ಹೋದರು. ಮಸಿ ಹರಡಿಕೊಂಡು ಗೆರೆ ಹೆಬ್ಬೆರಳು ದಪ್ಪವಾಯಿತು. ಇನ್ನೊಂದು ಗೆರೆ ಎಳೆದರು, ಕಾಗದದ ಆಚೆ ಬದಿಗೂ ಇಳಿಯಿತು. "ಇದು ಹಿಂಗ ಬರೂದಲ್ಲ... ಪದರ ಹಾಕಬೇಕು, ಒಣಗಬೇಕು... ಒಂದ ದಿನದ ಕೆಲಸ ಅಲ್ರಿ ಇದು..." ಎಂದು ಸುತ್ತಲಿದ್ದ ಬಿಳಿಯರಿಗೆಲ್ಲ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು. ಜನ ಕಾಗದ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೆಲ್ಲಗೆ ದೂರ ಸರಿದರು. ಯಾರೋ ನೀರು ತಂದುಕೊಟ್ಟರು. ಬೆನ್ನು ಸವರಿದರು.

ಪಾರ್ಕಿಂಗಿನಲ್ಲಿ ಅಪ್ಪನನ್ನು ಕಾರಿನಲ್ಲಿ ಕೂರಿಸಿ ವೈಷ್ಣವಿ ನಿಹಾರಿಕಾಳ ಹತ್ತಿರ ಬಂದಳು.

"ಅಕ್ಕಾ, ಅಪ್ಪ ಹೇಳಿದ್ದನ್ನ ನೀವು ಇದ್ದಂಗ ಟ್ರಾನ್ಸ್‌ಲೇಟ್ ಮಾಡಲಿಲ್ಲ. ಭಾಳ ಉಪಕಾರ ಆತು. ಅವ್ವನ ಹೆಸರು ತಗೊಂಡು... ಅಂಥಾ ಚಿತ್ರದ ಮುಂದ... ಭೂಮಿ ಬಾಯಿ ಬಿಡಬಾರದೇನು ಅನ್ನಿಸ್ತು." ಆಮೇಲೆ ಅನುಮಾನಿಸುತ್ತಾ ಹೇಳಿದಳು: "ಆದ್ರ ಒಂದು ಮಾತು. ಆವಾಗ ಅಪ್ಪ ವಯಾನ್ ಅಂಕಲ್ ಗರಾಜಿಗೆ ದಿನಾ ಹೋಗ್ತಿದ್ರು. ಒಮ್ಮೆ ನೋಡಿದೆ. ದೀಪ ಹಚ್ಚಿಟ್ಟು, ಅದರ ಮ್ಯಾಲೆ ತಾಟು ಹಿಡಕೊಂಡು ಸುಮ್ನ ಕೂತಿದ್ರು. ಕೈಯೆಲ್ಲಾ ಮಸಿ."

ಹೇಳಿ ನಿಹಾರಿಕಾಳ ಮುಖವನ್ನೇ ನೋಡುತ್ತಾ ನಿಂತಳು. ಒಂದೇ ಒಂದು ಮಾತು ಸಾಕಿತ್ತು. ವೈಷ್ಣವಿ ಒಂದು ಕಡೆಗೆ ವಾಲಲು ತಯಾರಾಗಿ ನಿಂತಿದ್ದಳು, ಯಾವ ಕಡೆ ತಳ್ಳಿದರೂ ಬೀಳುತ್ತಿದ್ದಳು.

"ಹಾಗಾದರೆ ಆಗಲೇ ಶುರುವಾಗಿರ್ಬೇಕು, ವೈಷ್ಣವಿ," ಎಂದಳು ನಿಹಾರಿಕಾ, ಅವಳ ಭುಜ ಹಿಡಿದು. "ನಿನ್ನ ತಪ್ಪಲ್ಲ. ವಯಸ್ಸಾದವರಲ್ಲಿ ಹೀಗಾಗುತ್ತೆ, ನೋಡಿದ್ದನ್ನೆಲ್ಲ ನಾನೇ ಮಾಡಿದ್ದು ಅಂತಾರೆ. ಬೇಗ ಡಾಕ್ಟರಿಗೆ ತೋರಿಸು."

ವೈಷ್ಣವಿ ಅವಳನ್ನು ತಬ್ಬಿಕೊಂಡು ಅತ್ತಳು. ಆ ಅಳುವಿನಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚಿತ್ತು. ಅಪ್ಪನಿಗೆ ಮರೆವಿನ ಕಾಯಿಲೆ ಎಂದರೆ ನಾಲ್ಕು ಜನರಿಗೆ ಹೇಳಬಹುದು, ಅಯ್ಯೋ ಎನ್ನುತ್ತಾರೆ, ಊಟ ತಂದುಕೊಡುತ್ತಾರೆ. ಅಪ್ಪ ಅವ್ವನನ್ನು ಬೆತ್ತಲೆ ಬರೆದ ಎಂದರೆ ಯಾರಿಗೆ ಹೇಳುವುದು?

ಡಾಕ್ಟರಿಗೂ ತೋರಿಸಿದರು. ಇವತ್ತು ಯಾವ ವಾರ, ಯಾವ ತಾರೀಖು ಎಂದು ಕೇಳಿದ್ದಕ್ಕೆ ಮಾಸ್ತರರು ಸರಿಯಾಗಿಯೇ ಉತ್ತರ ಕೊಟ್ಟರು. ಆಮೇಲೆ ಡಾಕ್ಟರು ಒಂದು ಗಡಿಯಾರ ಬರೆಯಿರಿ ಎಂದು ಪೆನ್ಸಿಲ್ ಕೊಟ್ಟರು. ಆ ಪರೀಕ್ಷೆಯಲ್ಲಿ ಹಾಗೊಂದು ಪ್ರಶ್ನೆಯಿರುತ್ತದೆಯಂತೆ. ಮಾಸ್ತರರು ಹುರುಪಿನಿಂದ ಬರೆದರು: ಗಡಿಯಾರ, ಗಡಿಯಾರದ ಸುತ್ತ ಬಳ್ಳಿ, ಬಳ್ಳಿಯಲ್ಲಿ ಹುಳು, ಮುಳ್ಳಿನ ತುದಿಗೊಂದು ಕಪ್ಪೆ, ಹಾಳೆ ತುಂಬುವವರೆಗೂ. ಎಷ್ಟು ಹೇಳಿದರೂ ನಿಲ್ಲಿಸಲಿಲ್ಲ. ಹೇಳಿದ್ದನ್ನು ಹೇಳಿದಷ್ಟಕ್ಕೆ ಮಾಡಲು ರೋಗಿಗೆ ಆಗುತ್ತಿಲ್ಲ ಎಂದು ಡಾಕ್ಟರು ಬರೆದುಕೊಂಡರು. ಗುಳಿಗೆ ಶುರುವಾಯಿತು. ಚಿತ್ರದ ಸಾಮಾನು ಕಣ್ಣಿಗೆ ಬಿದ್ದರೆ ಮತ್ತೆ ಕೆರಳುತ್ತಾರೆಂದು ವೈಷ್ಣವಿ ಬ್ರಷ್ಷು, ಪೆನ್ಸಿಲ್ಲುಗಳನ್ನೆಲ್ಲ ಕಸಕ್ಕೆ ಹಾಕಿದಳು. ಹಾಗೆ ಮಾಡುವುದೇ ಒಳ್ಳೆಯದು ಎಂದು ಫೋನಿನಲ್ಲಿ ಸಲಹೆ ಕೊಟ್ಟದ್ದು ನಿಹಾರಿಕಾ.

ಆಗಸ್ಟಿನಲ್ಲಿ ನಿಹಾರಿಕಾಳ ಗ್ರೀನ್ ಕಾರ್ಡ್ ಅಪ್ರೂವ್ ಆಯಿತು. ಸೆಪ್ಟೆಂಬರಿನಲ್ಲಿ ವೈಷ್ಣವಿ ಫೋನ್ ಮಾಡಿ ಗೋಗರೆದಳು. ಅಪ್ಪ ಊಟ ಬಿಟ್ಟಿದ್ದಾರೆ, ದಿನಾ ನಿಮ್ಮ ಕ್ಯಾಟಲಾಗ್ ಹಿಡಿದುಕೊಂಡು ಕೂರುತ್ತಾರೆ, ನಿಹಾರಿಕಾನ ಕರೆಸು ಎನ್ನುತ್ತಾರೆ, ನೀವೊಮ್ಮೆ ಬಂದು ತಿಳಿಸಿ ಹೇಳಿ ಅಕ್ಕಾ, ನಿಮ್ಮ ಮಾತು ಕೇಳುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ನಿಹಾರಿಕಾ ಹೋದಳು. ಮಾಸ್ತರರು ಕಿಟಕಿಯ ಹತ್ತಿರ ಕೂತಿದ್ದರು. ಜುಬ್ಬಾ ಮೈಮೇಲೆ ಜೋತುಬಿದ್ದಿತ್ತು. ತೊಡೆಯ ಮೇಲೆ ಕ್ಯಾಟಲಾಗ್ ತೆರೆದಿತ್ತು. ವೈಷ್ಣವಿ ಚಹಾ ಮಾಡಲು ಒಳಗೆ ಹೋದ ಮೇಲೆ ಅವರು ದನಿ ತಗ್ಗಿಸಿ ಕರೆದರು.

"ಬಾಗಲಾ ಮುಚ್ಚು."

ಮುಚ್ಚಿದಳು.

"ನನಗ ಹೆಸರು ಬ್ಯಾಡ. ಗ್ವಾಡಿ ಮ್ಯಾಲೂ ಬ್ಯಾಡ, ಬುಕ್ಕಿನ್ಯಾಗೂ ಬ್ಯಾಡ. ಯಾರಿಗೂ ಹೇಳಬ್ಯಾಡ. ನನ್ನ ಮುಂದ ಒಂದ ಸಲ ಹೇಳು. ಇವನ್ನ ಬರದವರು ಯಾರು?" ಗುಳಿಗೆಯ ಮಂಪರಿನಲ್ಲಿ ನಾಲಿಗೆ ತೊದಲುತ್ತಿತ್ತು. "ಎಲ್ಲಾರೂ ನಾ ಅಲ್ಲ ಅಂತಾರ. ನನಗೂ ಒಮ್ಮೊಮ್ಮೆ... ನನಗೂ ಈಗ ಗೊತ್ತಾಗವಲ್ದು, ನಿಹಾರಿಕಾ. ನಿನಗ ಗೊತ್ತೈತಿ. ನೀ ಒಬ್ಬಾಕಿ ಹೇಳಿದ್ರ ಸಾಕು."

ಬಾಗಿಲು ಮುಚ್ಚಿತ್ತು. ಕಾರ್ಡು ಕೈಗೆ ಬಂದಾಗಿತ್ತು. ಮುದುಕ ಹೊರಗೆ ಹೋಗಿ ಏನು ಹೇಳಿದರೂ ನಂಬುವವರಿರಲಿಲ್ಲ. ಹೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಅವಳ ಬಾಯಿಯವರೆಗೂ ಬಂತು, ಸುಳ್ಳು ಹೇಳಬಾರದು, ಬಂದದ್ದು ನಿಜ. ಆದರೆ ಒಮ್ಮೆ ಹೌದೆಂದರೆ ಶ್ರೆಡರಿನ ಮುಂದೆ ನಿಂತವಳು ಯಾರೆಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತಿತ್ತು. ಅಷ್ಟು ಧೈರ್ಯ ಅವಳಿಗಿರಲಿಲ್ಲ.

"ನಿಮಗೆ ಹುಷಾರಿಲ್ಲ ಸರ್," ಎಂದಳು. "ಇವು ತೊಂಬತ್ತು ವರ್ಷದ ಹಿಂದಿನವು. ಬಾಲಿಯಲ್ಲಿ ಯಾರೋ ಬರೆದದ್ದು."

ಮಾಸ್ತರರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು. ಅವರ ಮುಖದ ಗಂಟುಗಳೆಲ್ಲ ಸಡಿಲವಾದವು.

"ಹೌದೇನ್ರಿ? ಹಂಗಾರ ಬಿಡ್ರಿ," ಎಂದರು. ಕನ್ನಡಕ ಸರಿಮಾಡಿಕೊಂಡು ಕ್ಯಾಟಲಾಗನ್ನು ಕಣ್ಣ ಹತ್ತಿರ ಹಿಡಿದು, ತರಗತಿಯಲ್ಲಿ ಹುಡುಗರಿಗೆ ತೋರಿಸುತ್ತಿದ್ದ ಹಾಗೆ ಚಿತ್ರದ ಮೇಲೆ ಬೆರಳಾಡಿಸಿದರು. "ಯಾರ ಬರದಿರಲಿ, ಹೇಣ್ತೀನ್ನ ಭಾಳ ಪ್ರೀತಿ ಮಾಡ್ಯಾನ್ರಿ ಈ ಮನಶ್ಯಾ. ಆ ನಗಿ ನೋಡ್ರಿ. ನಾನೂ ನಲವತ್ತು ವರ್ಷ ಡ್ರಾಯಿಂಗ್ ಮಾಸ್ತರಕಿ ಮಾಡಿದೆ. ಇಂಥಾದ್ದು ಒಂದ ಗೆರಿ ನನಗ ಬರಲಿಲ್ಲ."